ಅರ್ಕಾವತ್ತು

ಮಂಡ್ಯದ ನೂರಡಿ ರಸ್ತೆಯಲ್ಲಿ ಕರೆಂಟು ಹೋಗಿ ಬಂದ ಗಳಿಗೆ
ಚೆಲುವಾಜಮ್ಮ ಮೇಷ್ಟ್ರು ಅಂಗಡಿಯ ಮೆಟ್ಟಿಲು ಹತ್ತಿದರು.
ಚೀಲದಿಂದ ತೆಗೆದದ್ದು ಹಳೇ ಲಗ್ನಪತ್ರಿಕೆಯ ಲಕೋಟೆ,
ಅದರೊಳಗೆ ಒಂದು ಸೀಡಿ.
‘ಹದಿನೇಳು ವರ್ಷದ ಹಿಂದೆ ನಿಮ್ಮಪ್ಪನೇ ಕುಟ್ಟಿಕೊಟ್ಟದ್ದು ನವೀದು,
ನಮ್ಮ ನಾಲೆಯ ಮಾತುಗಳು, ಇನ್ನೂರ ಹನ್ನೆರಡು.
ಮೈಸೂರಿನ ಮೇಡಂ ಒಬ್ಬರು ಕೇಳಿದ್ದಾರೆ, ಕಳಿಸು.’

ನನ್ನ ಕಂಪ್ಯೂಟರಿಗೆ ಸೀಡಿ ನುಂಗುವ ಬಾಯಿಲ್ಲ.
ಎದುರಿನ ಸ್ಟುಡಿಯೋದಿಂದ ಡಬ್ಬ ಎರವಲು ತಂದು
ಧೂಳೂದಿ ಸಿಕ್ಕಿಸಿದೆ. ತೆರೆಯಿತು.
ಪರದೆ ತುಂಬ ಕಾಲು ಮುರಿದ ಇಂಗ್ಲಿಷು,
ತಲೆಗೆ ಟೊಪ್ಪಿಗೆ ಹಾಕಿಕೊಂಡ ಎ, ಎರಡು ಚುಕ್ಕಿಯ ಎ,
ಎಲ್ಲೆಲ್ಲೂ ಪೌಂಡಿನ ಗುರುತು.
‘ನಾಲೆಯೆಲ್ಲ ಬಿಳಿಯರ ದುಡ್ಡಾಯಿತಲ್ಲೋ!’

ನುಡಿಯಲ್ಲಿ ಬರೆದದ್ದು ಮೇಷ್ಟ್ರೇ,
ನುಡಿ ಇಲ್ಲದ ಮನೆಯಲ್ಲಿ ಹೀಗೇ ತೊದಲುತ್ತದೆ.
ಪೌಂಡು ಕಂಡಲ್ಲಿ ನಾಲೆಯ ನಾ ಇದೆ, ನನಗೆ ಗೊತ್ತು,
ಅಪ್ಪನ ಪಕ್ಕ ಕೂತು ಕಲಿತ ಕಳ್ಳ ಓದು.
ಪರಿವರ್ತಕಕ್ಕೆ ಸುರಿದೆ. ಒಂದೊಂದೇ ಎದ್ದು ಕೂತವು
ತೂಬು, ಮಡೆ, ತೆವರಿ, ಕೋಡಿ.
ನೀರ್ಗಂಟಿ ಮಾತ್ರ ನೀಗಂರ್ಟಿ.

‘ಇವನ್ಯಾರು?’ ಕನ್ನಡಕ ಏರಿಸಿದರು.
‘ನಮ್ಮಪ್ಪನ ಹೆಸರಿಗೆ ಇದ್ದದ್ದು ಅದೊಂದೇ ಪದವಿ,
ಅದನ್ನೂ ಮುರಿದೆಯಾ?’

ಹತ್ತೊಂಬತ್ತು ಕಡೆ ಕೈಯಾರೆ ತಿದ್ದಿದೆ.
ಬರೆಯುವಾಗ ಹಿಂದೆ, ನುಡಿಯುವಾಗ ಮುಂದೆ,
ಎಲ್ಲಿಡಬೇಕೆಂದು ಯಂತ್ರಕ್ಕೂ ತಿಳಿಯದ ಅರ್ಕಾವತ್ತು.
ನಾನು ತಿದ್ದುತ್ತಿದ್ದರೆ ಅವರು ಹೇಳುತ್ತಿದ್ದರು
ನೀರಿಗಿಂತ ಮೊದಲು ಅಪ್ಪ ಬರುತ್ತಿದ್ದನಂತೆ
ಹೆಗಲಲ್ಲಿ ಗುದ್ದಲಿ, ನಾಲೆಯ ಏರಿ ಮೇಲೆ, ಕತ್ತಲಿರುವಾಗಲೇ.
ಸುಗ್ಗಿಯ ಊಟಕ್ಕೆ ಮಾತ್ರ
ಕೊನೆಯ ಸಾಲು. ಅದೂ ಹೊರಗೆ.

‘ಪಿಡಿಎಫ್ ಮಾಡಲಾ?’ ಅಂದೆ. ‘ಎಲ್ಲಿ ತೆರೆದರೂ ಹೀಗೇ ಕಾಣುತ್ತೆ,
ಯಾರೂ ಸುಲಭಕ್ಕೆ ಕೈ ಹಾಕೋಲ್ಲ. ಬೆಳಿಗ್ಗೆ
ಲಾಯರ್ ಜವರಪ್ಪನವರ ಅಫಿಡವಿಟ್ಟು ಹಾಗೇ ಹೋಯಿತು.’
‘ಅದು ಕೋರ್ಟಿಗೆ. ಇದು ತೂಬು ಮುಚ್ಚಿದ ಹಾಗಾಯಿತಲ್ಲ.’
‘ವರ್ಡಲ್ಲಾದರೆ ತಿದ್ದಬಹುದು, ಆದರೆ ಅಲ್ಲಿ ಫಾಂಟಿಲ್ಲದಿದ್ದರೆ
ಕೋಷ್ಟಕ ಕಾಲು ಚಾಚುತ್ತೆ, ಪುಟ ಸೊಟ್ಟಗಾಗುತ್ತೆ.
ಬರೀ ಅಕ್ಷರ ಕಳಿಸಿದರೆ
ದಪ್ಪವಿಲ್ಲ, ಬಣ್ಣವಿಲ್ಲ, ಗೆರೆಯಿಲ್ಲ...’
ವ್ಯಾಪಾರಿಯ ಮಾತು, ಬಾಯಿಪಾಠ. ಸುಮ್ಮನೆ ಕೇಳಿದರು. ಆಮೇಲೆ
‘ಅವರ ಹತ್ತಿರ ಏನಿದೆ ಅಂತ ಕೇಳಿದೆಯಾ?’

ಕೇಳಿರಲಿಲ್ಲ.
ಹನ್ನೊಂದು ವರ್ಷದಿಂದ ಕಡತ ಕಳಿಸುತ್ತಿದ್ದೇನೆ,
ಒಬ್ಬರನ್ನೂ ಕೇಳಿರಲಿಲ್ಲ.

‘ನೀರು ಬಿಡೋ ಮುಂಚೆ ಅಪ್ಪ ಏರಿ ಮೇಲೆ ನಿಂತು
ಕೆಳಗದ್ದೆಯವನನ್ನ ಕೂಗೋನು,
ಮಡೆ ತೆಗ್ದಿದ್ದೀಯೇನ್ಲಾ? ಅಂತ.
ಅವನು ಓ ಅನ್ನೋ ತನಕ ತೂಬಿಗೆ ಕೈ ಹಾಕ್ತಿರಲಿಲ್ಲ.’

ಫೋನು ಹಚ್ಚಿದೆ. ಮೇಡಂ ರೈಲಿನಲ್ಲಿದ್ದರು,
ನಾಗನಹಳ್ಳಿ ದಾಟಿತ್ತೋ ಏನೋ, ದನಿ ತುಂಡುತುಂಡು.
ಫೋನಿನಲ್ಲೇ ಓದುತ್ತಾರಂತೆ, ಯೂನಿಕೋಡ್ ಆದರೆ ಸಾಕಂತೆ,
ಅಂದಚಂದ ಆಮೇಲೆ ನೋಡೋಣವಂತೆ.
ಬರಿಯ ಅಕ್ಷರ. ಕಳಿಸಿದೆ. ಇಪ್ಪತ್ತು ಕೆಬಿ,
ಒಂದು ನಾಯಿಮರಿಯ ಫೋಟೋಗಿಂತ ಹಗುರ.

ಮೂವತ್ತು ರೂಪಾಯಿ ಅಂದರೆ ಇಪ್ಪತ್ತು ಇಟ್ಟು,
ಸೀಡಿಯನ್ನು ಮತ್ತೆ ಲಕೋಟೆಗೆ ಸೇರಿಸುವಷ್ಟರಲ್ಲಿ
ಟಣ್ ಅಂತು ಉತ್ತರ. ತೆವರಿಯ ಎದುರಿಗೆ
ಮೇಡಂ ಸೇರಿಸಿದ್ದರು: ನಮ್ಮಲ್ಲಿ ಇದಕ್ಕೆ ಬದು ಅಂತೀವಿ, ಸರಿಯಾ?

ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬಂದರು.
‘ಬದು ಬೇರೆ, ತೆವರಿ ಬೇರೆ!
ಬದುವನ್ನ ದಾಟಬಹುದು, ತೆವರಿ ಹತ್ತಬೇಕು.
ಬರಿ ನವೀದು, ಬರಿ,
ನೀರ್ಗಂಟಿ ಮಗಳು ಹೇಳಿದಳು ಅಂತ.’

ಬರೆದೆ. ಈ ಸಲ ಅರ್ಕಾವತ್ತು
ತನ್ನ ಜಾಗದಲ್ಲೇ ಬಂದು ಕೂತಿತು.